ಲಾಭ, ಎರಡು, ಮೂರು

ಕಳೆದ ಸಲ ರಜೆಗೆ ಊರಿಗೆ ಬಂದಿದ್ದಾಗ ಅಮ್ಮನ್ನ ಕರೆದುಕೊಂಡು ಸಕಲೇಶಪುರದ ಕಡೆ ಒಂದು ಹೋಂಸ್ಟೇಗೆ ಹೋಗಿದ್ದೆ. ಒಳ್ಳೆ ಜಾಗ. ಕಾಫಿ ತೋಟದ ನಡುವೆ ಹೆಂಚಿನ ಮನೆ, ಬೆಳಿಗ್ಗೆ ಅಕ್ಕಿ ರೊಟ್ಟಿ, ಕಾಯಿ ಚಟ್ನಿ. ಜಗಲಿ ತುಂಬ ಹಳೇ ಸಾಮಾನು ಜೋಡಿಸಿದ್ದರು. ಗಾಡಿ ಚಕ್ರದ ಮೇಲೆ ಗಾಜು ಹಾಕಿ ಟೇಬಲ್ ಮಾಡಿದ್ದರು. ನೊಗಕ್ಕೆ ಮೂರು ಬಲ್ಬು ಕಟ್ಟಿ ತೂಗುಬಿಟ್ಟಿದ್ದರು. ಬಾಗಿಲ ಪಕ್ಕ ಒಂದು ಕೊಳಗ. ಅದರೊಳಗೆ ನಾಲ್ಕು ಛತ್ರಿ.

ಅಮ್ಮ ಸೀದಾ ಹೋಗಿ ಛತ್ರಿಗಳನ್ನ ತೆಗೆದು ಗೋಡೆಗೆ ಒರಗಿಸಿದಳು. ಕೊಳಗವನ್ನ ಎತ್ತಿ ತಿರುಗಿಸಿ ನೋಡಿದಳು. ಬಾಯಿಗೆ ಹಿತ್ತಾಳೆ ಪಟ್ಟಿ ಇತ್ತು, ಒಂದು ಕಡೆ ಸವೆದು ತೆಳ್ಳಗಾಗಿತ್ತು. ಆ ಸವೆದ ಜಾಗದ ಮೇಲೆ ಹೆಬ್ಬೆರಳು ಆಡಿಸುತ್ತ, 'ಈ ಕಡೆಯಿಂದ ಸುರೀತಿದ್ರು' ಅಂದಳು. ಆಮೇಲೆ ಕೆಳಗೆ ರಾಗಿ ರಾಶಿ ಇದೆಯೇನೋ ಅನ್ನೋ ಹಾಗೆ ಬಗ್ಗಿ, ತುಂಬಿ, ಪಕ್ಕಕ್ಕೆ ಸುರಿದು ತೋರಿಸಿದಳು. 'ಲಾಭ. ಎರಡು. ಮೂರು.'

ಕಾಫಿ ತಂದ ಹುಡುಗ ನಿಂತು ನೋಡುತ್ತಿದ್ದ. 'ಅಜ್ಜಿ, ಒಂದು ಬಿಟ್ಟೋಯ್ತು' ಅಂದ.

'ಒಂದು ಅನ್ನಬಾರದು ಕಣಪ್ಪ. ಮೊದಲನೇದು ಲಾಭ.'

ಅವನಿಗೆ ಅದು ಹೊಸ ವಿಷಯ. ಎಲ್ಲಿಂದ ತಂದಿದ್ದು ಇದನ್ನ ಅಂತ ಅಮ್ಮ ಕೇಳಿದಳು. 'ಗುಜರಿಯವರ ಹತ್ರ, ಅಜ್ಜಿ. ಕೆಜಿ ಲೆಕ್ಕದಲ್ಲಿ ಕೊಟ್ರು.' ಊರಿನ ಕಾಳೆಲ್ಲ ಅಳೆದ ಕೊಳಗ, ಕೊನೆಗೆ ತಾನೇ ತಕ್ಕಡಿಗೆ ಬಿತ್ತು. ಹುಡುಗನ ತಪ್ಪೇನಿಲ್ಲ. ಅವನು ಹುಟ್ಟೋ ಹೊತ್ತಿಗೆ ಕಣವೂ ಇಲ್ಲ, ಕಣದಲ್ಲಿ ಅಳೆಯೋರೂ ಇಲ್ಲ. ಅವನಿಗೆ ಹೇಳುವವರು ಯಾರು?

ನಾನಿರೋದು ಬ್ರಿಟನ್ನಿನ ಭಾಗವಾದ ವೇಲ್ಸ್‌ನ ಕಾರ್ಡಿಫ್‌ನಲ್ಲಿ. ಹದಿನಾಲ್ಕು ವರ್ಷವಾಯಿತು. ಹೊರಗಿದ್ದವರು ಊರಿಗೆ ಬಂದು 'ಅಲ್ಲಿ ಹಂಗೆ, ಇಲ್ಲಿ ಹಿಂಗೆ' ಅಂತ ಶುರು ಮಾಡಿದರೆ ಕೇಳುವವರಿಗೆ ಎಷ್ಟು ಕಿರಿಕಿರಿ ಅಂತ ಗೊತ್ತು. ನನ್ನ ಭಾಮೈದನೇ ಒಂದು ಸಲ ಹೇಳಿದ್ದ: 'ಭಾವ, ಅಲ್ಲಿ ಜನ ಕಡಿಮೆ, ದುಡ್ಡು ಜಾಸ್ತಿ. ಅಷ್ಟೇ ವ್ಯತ್ಯಾಸ.' ಅರ್ಧ ನಿಜ. ಉಳಿದ ಅರ್ಧ ಹೇಳೋಣ ಅಂತ ಇದನ್ನ ಬರೆಯುತ್ತಿದ್ದೇನೆ.

ಕಾರ್ಡಿಫ್ ಊರ ಹೊರಗೆ ಸೇಂಟ್ ಫೇಗನ್ಸ್ ಅಂತ ಒಂದು ಬಯಲು ವಸ್ತುಸಂಗ್ರಹಾಲಯ ಇದೆ. 1948ರಲ್ಲಿ ಶುರುವಾದದ್ದು. ಒಳಗೆ ಹೋಗೋಕೆ ಟಿಕೆಟ್ ಇಲ್ಲ, ಕಾರು ನಿಲ್ಲಿಸೋಕೆ ಮಾತ್ರ ದುಡ್ಡು. ವೇಲ್ಸ್‌ನ ಬೇರೆ ಬೇರೆ ಮೂಲೆಗಳಿಂದ ನಲವತ್ತಕ್ಕೂ ಹೆಚ್ಚು ಕಟ್ಟಡಗಳನ್ನ ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿದ್ದಾರೆ. ರೈತರ ಮನೆ, ಅಂಗಡಿ, ಶಾಲೆ, ಗಣಿ ಕೆಲಸದವರು ಸೇರುತ್ತಿದ್ದ ಭವನ. ಬಹುಪಾಲು ಸಾಮಾನ್ಯ ಜನರವು. ಯಾವುದೋ ಜಮೀನ್ದಾರರ ಬಂಗಲೆ ಅಲ್ಲೇ ಇದೆ ನಿಜ, ಆದರೆ ಜನ ಅದರ ಕಡೆ ಹೋಗೋದೇ ಕಡಿಮೆ.

ಅಮ್ಮ ಬಂದಿದ್ದಾಗ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಒಂದು ಹಳೇ ರೈತರ ಮನೆಯ ಒಲೆಯಲ್ಲಿ ನಿಜವಾದ ಬೆಂಕಿ ಉರಿಯುತ್ತಿತ್ತು. ಹೊಗೆ ವಾಸನೆ ಬಂದ ತಕ್ಷಣ ಅಮ್ಮನಿಗೆ ಅರ್ಧ ಊರೇ ಸಿಕ್ಕ ಹಾಗಾಯಿತು. ಮೂಲೆಯಲ್ಲಿ ಬೆಣ್ಣೆ ತೆಗೆಯುವ ಮರದ ಪೀಪಾಯಿ ಇತ್ತು. 'ಇವ್ರೂ ಮಜ್ಜಿಗೆ ಕಡೀತಿದ್ರಾ?' ಅಂತ ಕೇಳಿದಳು. ನಾನು ಅಲ್ಲಿದ್ದ ಹೆಂಗಸಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ತಿರುಗಿ ಕೇಳಿದ್ದು: ನಿಮ್ಮ ತಾಯಿ ಹೇಗೆ ಮಾಡುತ್ತಿದ್ದರು? ಅಮ್ಮ ಕಂಬಕ್ಕೆ ಕಡೆಗೋಲು ಕಟ್ಟಿದಂತೆ, ಎರಡು ಕೈಯಲ್ಲಿ ಹಗ್ಗ ಹಿಡಿದು ಒಂದು ಎಳೆದರೆ ಇನ್ನೊಂದು ಬಿಡುವಂತೆ ಆಡಿ ತೋರಿಸಿದಳು. ಆಕೆಯೂ ಎದುರಿಗೆ ನಿಂತು ಹಾಗೇ ಕೈ ಆಡಿಸಿದರು. ಭಾಷೆ ಬರದ ಇಬ್ಬರು ಹೆಂಗಸರು ಐದು ನಿಮಿಷ ಗಾಳಿಯಲ್ಲಿ ಮಜ್ಜಿಗೆ ಕಡೆದರು. ಅಮ್ಮ ಇವತ್ತಿಗೂ ವೇಲ್ಸ್ ಅಂದರೆ ಮೊದಲು ನೆನೆಸಿಕೊಳ್ಳೋದು ಅದನ್ನೇ.

ಅಲ್ಲೇ ಇನ್ನೊಂದಿದೆ. ಮರ್ಥರ್ ಟಿಡ್ವಿಲ್ ಅನ್ನೋ ಕಬ್ಬಿಣದ ಕಾರ್ಖಾನೆ ಊರಿನಿಂದ ತಂದ ಆರು ಮನೆಗಳ ಒಂದು ಸಾಲು. ಕೂಲಿಗಳ ಮನೆ, ಪುಟ್ಟ ಪುಟ್ಟವು, ಗೋಡೆಗೆ ಗೋಡೆ ಅಂಟಿಕೊಂಡಿವೆ. ಮೊದಲನೇ ಮನೆ 1805ರಲ್ಲಿ ಹೇಗಿತ್ತೋ ಹಾಗಿದೆ. ಎರಡನೇದು 1855. ಆಮೇಲೆ 1895, 1925, 1955. ಕೊನೆಯದು 1985. ಒಂದೇ ಅಳತೆಯ ಮನೆ, ಒಳಗಿನ ಬದುಕು ಮಾತ್ರ ಬೇರೆ. ಮೊದಲ ಮನೆಯಿಂದ ಹೊರಟು ಕೊನೆಯ ಮನೆಗೆ ಬರುವಷ್ಟರಲ್ಲಿ 180 ವರ್ಷ ದಾಟಿರುತ್ತೀರಿ. ಕೊನೆ ಮನೆಯ ಟೀವಿ, ಸೋಫಾ ನೋಡಿ ಅಮ್ಮ ನಕ್ಕಳು. 'ಇಂಥದೇ ಸೋಫಾ ನಿಮ್ಮ ಚಿಕ್ಕಪ್ಪನ ಮನೇಲಿತ್ತು, ಇದೂ ಮ್ಯೂಸಿಯಮ್ಮಾ?'

ನನಗೆ ಅಲ್ಲಿ ನಿಂತಾಗ ಥಟ್ಟನೆ ಬಂದ ಯೋಚನೆ ಕಾಫಿ ತೋಟದ ಕೂಲಿಗಳ ಲೈನ್ ಮನೆಗಳದು. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯವರಿಗೆ ಲೈನ್ ಅಂದರೆ ಬಿಡಿಸಿ ಹೇಳಬೇಕಿಲ್ಲ. ಉದ್ದಕ್ಕೆ ಒಂದೇ ಸೂರು, ಒಂದು ಕೋಣೆ, ಒಂದು ಅಡಿಗೆ ಮೂಲೆ, ಮುಂದೆ ಸಣ್ಣ ಜಗಲಿ. ಘಟ್ಟದ ಕೆಳಗಿನಿಂದ ಬಂದವರು ಇದ್ದರು, ತಮಿಳು ಸೀಮೆಯಿಂದ ಬಂದವರು ಇದ್ದರು, ಈಗ ಅಸ್ಸಾಮಿನವರು, ಜಾರ್ಖಂಡಿನವರು ಇದ್ದಾರೆ. ಒಂದೇ ಸಾಲಿನಲ್ಲಿ ನಾಲ್ಕು ತಲೆಮಾರಿನ ಕತೆ ಇದೆ. ಯಾರ ಒಲೆ ಹೇಗಿತ್ತು, ಮೇಸ್ತ್ರಿ ಬೆಳಿಗ್ಗೆ ಏನಂತ ಕೂಗುತ್ತಿದ್ದ, ತೋಟದ ಗುಮಾಸ್ತ ರೈಟರು ಚೆಕ್‌ರೋಲ್ ಅನ್ನೋ ಹಾಜರಿ ಪುಸ್ತಕದಲ್ಲಿ ಅರ್ಧ ದಿನ ಅಂತ ಬರೆದರೆ ಏನು ಗತಿ, ಹಣ್ಣು ಕೊಯ್ಯುವ ಕಾಲದಲ್ಲಿ ಮಗುವನ್ನ ಎಲ್ಲಿ ಮಲಗಿಸುತ್ತಿದ್ದರು. ಇದನ್ನ ತೋರಿಸುವ ಒಂದು ಜಾಗ ಇಡೀ ಮಲೆನಾಡಿನಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಚಿಕ್ಕಮಗಳೂರಿನಲ್ಲಿ ಕಾಫಿ ಮಂಡಳಿಯವರ ಕಾಫಿ ಮ್ಯೂಸಿಯಂ ಇದೆ, ನೋಡಿದ್ದೇನೆ. ಚೆನ್ನಾಗಿದೆ. ಬೀಜದಿಂದ ಲೋಟದ ತನಕ ಕಾಫಿ ಹೇಗೆ ಬರುತ್ತದೆ ಅಂತ ತಿಳಿಯುತ್ತದೆ. ಬಾಬಾ ಬುಡನ್ ಯೆಮನ್ನಿನಿಂದ ಏಳು ಬೀಜ ತಂದ ಕತೆ ಆ ಜಿಲ್ಲೆಯ ಮಗುವಿಗೂ ಗೊತ್ತು. ಬಾಳೆಹೊನ್ನೂರಿನಲ್ಲಿ 1925ರಿಂದ ಸಂಶೋಧನಾ ಕೇಂದ್ರ ಇದೆ, ಅಲ್ಲಿ ತಯಾರಾದ ತಳಿಗಳು ದೇಶದ ತುಂಬ ಹೋಗಿವೆ. ಗಿಡದ ಚರಿತ್ರೆ ಪಕ್ಕಾ ಇದೆ. ಗಿಡದ ಬುಡದಲ್ಲಿ ನಿಂತು ಕೆಲಸ ಮಾಡಿದವರ ಚರಿತ್ರೆಗೆ ಬಂದರೆ ಒಂದು ಬುಟ್ಟಿ, ಒಂದು ಫೋಟೋ. ಆ ಫೋಟೋದಲ್ಲಿರುವ ಹೆಂಗಸಿನ ಹೆಸರೇನು ಅಂತ ಯಾರನ್ನ ಕೇಳೋದು?

ವೇಲ್ಸ್‌ನಲ್ಲಿ ಹೆಸರಿನ ವಿಷಯದಲ್ಲಿ ಎಷ್ಟು ಜತನ ಅಂದರೆ, ಬ್ಲೇನಾವನ್ ಊರಿನ ಬಿಗ್ ಪಿಟ್ ಗಣಿಯಲ್ಲಿ ಕುದುರೆಗಳ ಹೆಸರೂ ಉಳಿದಿದೆ. ಅದು ಕಲ್ಲಿದ್ದಲ ಗಣಿ. 1980ರಲ್ಲಿ ಮುಚ್ಚಿತು, 1983ರಲ್ಲಿ ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಹೆಲ್ಮೆಟ್ಟು, ಸೊಂಟಕ್ಕೆ ಬ್ಯಾಟರಿ ಕಟ್ಟಿಕೊಂಡು, ಬೋನಿನಂಥ ಲಿಫ್ಟಿನಲ್ಲಿ 90 ಮೀಟರ್ ಕೆಳಗೆ ಇಳಿಯಬೇಕು. ಮೊಬೈಲು, ವಾಚು ಮೇಲೇ ಕೊಟ್ಟು ಹೋಗಬೇಕು, ಕಿಡಿ ಹಾರೀತು ಅಂತ. ಕೆಳಗೆ ಕುದುರೆ ಲಾಯಗಳಿವೆ, ಒಂದೊಂದರ ಮೇಲೂ ಆ ಕುದುರೆಯ ಹೆಸರು. ನಮ್ಮನ್ನ ಕರೆದುಕೊಂಡು ಹೋದವರು ತಾವೇ ಗಣಿಯಲ್ಲಿ ದುಡಿದವರು. ಎಲ್ಲರ ದೀಪ ಆರಿಸಲು ಹೇಳಿ, ಆ ಕತ್ತಲಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಕೆಮ್ಮಿದರು. ಆ ಕೆಮ್ಮು ಯಾವ ಫಲಕದಲ್ಲೂ ಬರೆದಿರಲಿಲ್ಲ.

ಹಾಗಂತ ಅದೇನೂ ಸ್ವರ್ಗ ಅಲ್ಲ. 2024ರಲ್ಲಿ ಸರ್ಕಾರದ ಹಣ ಸಾಲದೆ ಈ ಎರಡೂ ಜಾಗ ನಡೆಸುವ ಸಂಸ್ಥೆಯ ಎಷ್ಟೋ ಜನ ಕೆಲಸ ಬಿಡಬೇಕಾಯಿತು. ಗಣಿಯಲ್ಲಿ ದುಡಿದವರಿಗೂ ವಯಸ್ಸಾಗುತ್ತಿದೆ, ಅವರ ಮುಂದಿನವರು ಕೇಳಿದ ಮಾತನ್ನೇ ಹೇಳಬೇಕು. ಆದರೆ ಅವರು ಒಂದು ಕೆಲಸ ಮೊದಲೇ ಮಾಡಿಕೊಂಡಿದ್ದಾರೆ. ಸೇಂಟ್ ಫೇಗನ್ಸ್‌ನವರು 1950ರ ದಶಕದಿಂದಲೇ ಹಳ್ಳಿ ಹಳ್ಳಿಗೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ಮುದುಕರ ಮಾತನ್ನ ಹಿಡಿದಿಟ್ಟರು. ಕೊಳಗವನ್ನ ಗುಜರಿಯಿಂದ ವಾಪಸ್ ತರಬಹುದು. 'ಲಾಭ' ಅನ್ನೋ ಮಾತು ಗುಜರಿಯಲ್ಲಿ ಸಿಗೋದಿಲ್ಲ.

ನಮ್ಮ ಜಿಲ್ಲೆಗೆ ಬರೋಣ. ಹಾಸನದವರಾದ ನಮಗೆ ಚರಿತ್ರೆಗೆ ಬರವಿಲ್ಲ. ಕಾಲಿಟ್ಟಲ್ಲಿ ಕಲ್ಲು ಎಡವುತ್ತದೆ, ಎಡವಿದ ಕಲ್ಲಲ್ಲೂ ಅಕ್ಷರ ಇರುತ್ತದೆ. ಬೇಲೂರು ದೇವಸ್ಥಾನ 1117ರದು. ಹಳೇಬೀಡಿನ ವಸ್ತುಸಂಗ್ರಹಾಲಯದಲ್ಲಿ ಹೊಯ್ಸಳರ ಕಾಲದ ಮೂರ್ತಿಗಳನ್ನ ಚೆಂದವಾಗಿ ಇಟ್ಟಿದ್ದಾರೆ. ಈ ಎರಡೂ ಊರಿನ ದೇವಸ್ಥಾನಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರಿದವು, ನಾನು ಕಾರ್ಡಿಫ್‌ನ ಆಫೀಸಿನಲ್ಲಿ ಎಲ್ಲರಿಗೂ ಮೈಸೂರು ಪಾಕ್ ಹಂಚಿದೆ. ಆದರೆ ನಮ್ಮಲ್ಲಿ ಮ್ಯೂಸಿಯಂ ಅಂದರೆ ಮೂರ್ತಿ, ಶಾಸನ, ಕತ್ತಿ, ನಾಣ್ಯ. ಸುಮಾರು 1350ರ ಆಚೆಗೆ ಹಾಸನದಲ್ಲಿ ಯಾರೂ ಬದುಕೇ ಇರಲಿಲ್ಲವೇನೋ ಅನ್ನಿಸಿಬಿಡುತ್ತದೆ.

ತಮಾಷೆ ಅಂದರೆ, ಊರಿನ ನೆನಪನ್ನ ಊರಲ್ಲೇ ಇಡುವುದನ್ನ ನಮಗೆ ಯಾರೂ ಹೊರಗಿನವರು ಕಲಿಸಬೇಕಾಗಿಲ್ಲ. ವೀರಗಲ್ಲು ಇನ್ನೇನು ಮತ್ತೆ? ದನ ಹೊಡೆದುಕೊಂಡು ಹೋಗುವವರ ಎದುರು ನಿಂತು ಒಬ್ಬ ಸತ್ತ. ದನ ಹೊಡೆದುಕೊಂಡು ಹೋಗುವುದಕ್ಕೆ ಶಾಸನಗಳಲ್ಲಿ ತುರುಗೊಳ್ ಅಂತಲೇ ಮಾತು. ಊರವರು ಕಲ್ಲು ನಿಲ್ಲಿಸಿದರು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಅವನು. ಅವನು ರಾಜ ಅಲ್ಲ, ಬಹಳ ಸಲ ಬರೀ ಒಬ್ಬ ಗೌಡನ ಮಗನೋ ಆಳೋ. ಅವನ ಹೆಸರು, ಅವನ ಅಪ್ಪನ ಹೆಸರು, ಊರಿನ ಹೆಸರು ಕಲ್ಲಿನ ಮೇಲೆ. ಒಂದು ಕಡೆ ಇಂಥ ಎಂಟು ಕಲ್ಲುಗಳನ್ನ ಸಾಲಾಗಿ ನಿಲ್ಲಿಸಿದ್ದು ನೋಡಿದೆ. ಎಂಟಕ್ಕೂ ಒಂದೇ ಫಲಕ: 'ವೀರಗಲ್ಲು, 12ನೇ ಶತಮಾನ.' ಯಾವ ಊರಿನಿಂದ ಬಂತು ಅಂತ ಇಲ್ಲ. ಯಾರು ಸತ್ತದ್ದು ಅಂತ ಇಲ್ಲ. ಓದಿಲ್ಲ ಅಂತಲ್ಲ. ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನ ತಾಲ್ಲೂಕುವಾರು ನಂಬರು ಹಾಕಿ 1902ರಲ್ಲೇ ಅಚ್ಚು ಹಾಕಿಸಿದ್ದರು. ಕಡೂರು ಜಿಲ್ಲೆ, ಅಂದರೆ ಈಗಿನ ಚಿಕ್ಕಮಗಳೂರಿನದು, ಅದಕ್ಕೂ ಒಂದು ವರ್ಷ ಮುಂಚೆ ಬಂದಿತ್ತು. ಪುಸ್ತಕದಲ್ಲಿ ಇರುವ ಹೆಸರನ್ನ ಫಲಕಕ್ಕೆ ಇಳಿಸಿದರೆ ಮುಗಿಯಿತಲ್ವಾ?

ಹಲ್ಮಿಡಿಯ ಕತೆ ಇನ್ನೂ ಸ್ವಾರಸ್ಯ. ಬೇಲೂರು ತಾಲ್ಲೂಕಿನ ಆ ಊರಿನ ಶಾಸನವನ್ನ 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಸುಮಾರು ಕ್ರಿ.ಶ. 450ರದು. ಹದಿನಾರು ಸಾಲು. ಯುದ್ಧದಲ್ಲಿ ಗೆದ್ದ ವಿಜಅರಸನಿಗೆ ಪಲ್ಮಡಿ, ಮೂಳಿವಳ್ಳಿ ಅನ್ನುವ ಎರಡು ಊರುಗಳನ್ನ ಬಾಳ್ಗಳ್ಚು ಆಗಿ ಕೊಟ್ಟದ್ದು ಅದರಲ್ಲಿದೆ. ಬಾಳ್ಗಳ್ಚು ಅಂದರೆ ಕತ್ತಿ ತೊಳೆದ ಲೆಕ್ಕದ ಕೊಡುಗೆ. ಆ ಪಲ್ಮಡಿಯೇ ಈ ಹಲ್ಮಿಡಿ. ಒಂದೂವರೆ ಸಾವಿರ ವರ್ಷದ ಹಿಂದಿನ ಕಲ್ಲಿನಲ್ಲಿ ತಮ್ಮ ಊರಿನ ಹೆಸರು ಇರುವ ಭಾಗ್ಯ ಎಷ್ಟು ಊರಿಗುಂಟು? ಮೂಲ ಕಲ್ಲು ಈಗ ಊರಲ್ಲಿಲ್ಲ, ಮಂಟಪದಲ್ಲಿ ಅದರ ನಕಲು ನಿಂತಿದೆ. ಕಲ್ಲು ಹಾಳಾಗದಿರಲಿ ಅಂತ ಒಯ್ದರು, ಸರಿ. ಆ ಹೆಸರಿನ ಸಾಲು ಎಲ್ಲಿದೆ ಅಂತ ಬೆರಳಿಟ್ಟು ತೋರಿಸುವ ಒಬ್ಬರು ನಕಲಿನ ಪಕ್ಕದಲ್ಲಿ ನಿಂತರೆ ನನಗೆ ಸಾಕು.

ಇಷ್ಟೆಲ್ಲ ಹೇಳುತ್ತಿರುವುದಕ್ಕೆ ಮನೆಯದೇ ಒಂದು ಕಾರಣ ಇದೆ. ಅಮ್ಮನ ತವರೂರು ಹೇಮಾವತಿ ಹಿನ್ನೀರಿನಲ್ಲಿ ಮುಳುಗಿತು.

ಗೊರೂರು ಅಣೆಕಟ್ಟು ಮುಗಿದದ್ದು 1979ರಲ್ಲಿ. 37 ಟಿಎಂಸಿ ನೀರು ನಿಲ್ಲುವ ಜಾಗ ಬರೀ ಕಾಡು ಆಗಿರಲಿಲ್ಲ. ಗದ್ದೆ, ಕಣ, ಗುಡಿ, ಹಗೇವು, ಮಾವಿನ ತೋಪು ಇದ್ದ ಊರುಗಳು. ತಾತ ಬೇರೆ ತಾಲ್ಲೂಕಿಗೆ ಬಂದರು. ಮುಳುಗಡೆಯವರಿಗೆ ಕೊಟ್ಟ ಜಮೀನಿಗೆ ನಮ್ಮ ಕಡೆ 'ಎಚ್‌ಆರ್‌ಪಿ ಜಮೀನು' ಅಂತಲೇ ಹೆಸರು, ಅಂದರೆ ಹೇಮಾವತಿ ಜಲಾಶಯ ಯೋಜನೆಯದು. ಕಚೇರಿ ಕಾಗದದಲ್ಲಿ ತಾತ 'ಸಂತ್ರಸ್ತ'. ಇವತ್ತು ಅಮ್ಮನ ಊರಿನ ಹೆಸರು ಹಾಕಿ ಫೋನಿನ ಮ್ಯಾಪಿನಲ್ಲಿ ಹುಡುಕಿದರೆ ಅದೇ ಹೆಸರಿನ ಬೇರೆ ಬೇರೆ ಊರು ಬರುತ್ತವೆ. ಅಮ್ಮನದು ಇರಬೇಕಾದ ಕಡೆ ನೀಲಿ ಬಣ್ಣ.

ಹಿನ್ನೀರಿನಲ್ಲಿ ಎಲ್ಲರಿಗೂ ಗೊತ್ತಿರೋದು ಶೆಟ್ಟಿಹಳ್ಳಿ ಚರ್ಚು. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಪೂರ್ತಿ ಕಾಣುತ್ತದೆ. ಡ್ರೋನ್ ಬಿಟ್ಟು ವಿಡಿಯೋ ಮಾಡುತ್ತಾರೆ, ಮದುವೆಗೆ ಮುಂಚಿನ ಫೋಟೋ ತೆಗೆಸುತ್ತಾರೆ. ತೆಗೆಸಲಿ ಬಿಡಿ, ಜಾಗ ಚೆನ್ನಾಗಿದೆ. ಆದರೆ ಅಲ್ಲಿ ಅರ್ಧ ಗಂಟೆ ನಿಂತು ಬಂದವರನ್ನ ಕೇಳಿ: ಚರ್ಚು ಇತ್ತು ಅಂದಮೇಲೆ ಊರೂ ಇತ್ತಲ್ವಾ, ಜನ ಎಲ್ಲಿ ಹೋದರು? ಹೇಳುವ ಒಂದು ಬೋರ್ಡು ನನಗೆ ಅಲ್ಲಿ ಕಾಣಲಿಲ್ಲ.

ವೇಲ್ಸ್‌ನಲ್ಲೂ ಹೀಗೇ ಒಂದು ಊರು ಮುಳುಗಿತು. ಹೆಸರು ಕಾಪೆಲ್ ಕೆಲಿನ್. ಟ್ರಿವೆರಿನ್ ನದಿಯ ಕಣಿವೆಯಲ್ಲಿತ್ತು. ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ನೀರು ಬೇಕಿತ್ತು. 1957ರಲ್ಲಿ ಲಂಡನ್ನಿನ ಪಾರ್ಲಿಮೆಂಟು ಕಾಯ್ದೆ ಮಾಡಿತು, ವೇಲ್ಸ್‌ನ ಸಂಸದರು ವಿರೋಧಿಸಿದರೂ ನಡೆಯಲಿಲ್ಲ. 1965ರಲ್ಲಿ ನೀರು ನಿಂತಿತು. ಶಾಲೆ, ಪೋಸ್ಟ್ ಆಫೀಸು, ಪ್ರಾರ್ಥನಾ ಮಂದಿರ, ಹನ್ನೆರಡು ಮನೆ. ಮನೆ ಕಳಕೊಂಡವರು 48 ಜನ. ನಮ್ಮ ಹೇಮಾವತಿಯ ಲೆಕ್ಕಕ್ಕೆ ಅದು ಒಂದು ಕೇರಿಯೂ ಆಗಲಿಕ್ಕಿಲ್ಲ. ಆದರೂ ವೇಲ್ಸ್‌ನಲ್ಲಿ ಆ ಹೆಸರು ಗೊತ್ತಿಲ್ಲದವರಿಲ್ಲ. ಅಬೆರಿಸ್ಟ್‌ವಿತ್ ಹತ್ತಿರ ರಸ್ತೆ ಬದಿಯ ಒಂದು ಪಾಳು ಗೋಡೆಯ ಮೇಲೆ 1960ರ ದಶಕದಲ್ಲಿ ಯಾರೋ ತಮ್ಮ ವೆಲ್ಷ್ ಭಾಷೆಯಲ್ಲಿ ಬರೆದರು: 'ಕೋವ್ಯುಖ್ ಡ್ರಿವೆರಿನ್.' ಟ್ರಿವೆರಿನ್ ನೆನಪಿಡಿ ಅಂತ. 2019ರಲ್ಲಿ ಆ ಗೋಡೆಯನ್ನ ಯಾರೋ ಕಿಡಿಗೇಡಿಗಳು ಒಡೆದರು. ಜನರೇ ಬಂದು ಮತ್ತೆ ಕಟ್ಟಿ ಬಣ್ಣ ಹೊಡೆದರು. ಅಷ್ಟೇ ಅಲ್ಲ, ವೇಲ್ಸ್ ತುಂಬ ಕೊಟ್ಟಿಗೆ ಗೋಡೆ, ಅಂಗಡಿ ಗೋಡೆ, ಸೇತುವೆಗಳ ಮೇಲೆ ಅದೇ ಮಾತು ಎದ್ದಿತು. ಲಿವರ್‌ಪೂಲ್ ನಗರಸಭೆ ಅದಕ್ಕೂ ಮುಂಚೆ, 2005ರಲ್ಲಿ, ಕ್ಷಮೆ ಕೇಳಿತ್ತು.

ನಾನು ಈ ಎರಡು ನೀರನ್ನ ಬಹಳ ಸಲ ಪಕ್ಕದಲ್ಲಿಟ್ಟು ಯೋಚಿಸಿದ್ದೇನೆ. ಅವರಿಗೆ ಬೈಯ್ಯೋಕೆ ಒಬ್ಬರಿದ್ದರು. ನೀರು ಹೋದದ್ದು ಪಕ್ಕದ ದೇಶಕ್ಕೆ, ಊರಿನ ಜೊತೆ ಒಂದು ಭಾಷೆಯೂ ಮುಳುಗಿತು ಅನ್ನೋ ಸಿಟ್ಟು ಆ ಗೋಡೆಯನ್ನ ನಿಲ್ಲಿಸಿತು. ನಮ್ಮ ನೀರು ಹೋದದ್ದು ತುಮಕೂರಿಗೆ, ಮಂಡ್ಯಕ್ಕೆ. ನಮ್ಮವರದೇ ಹೊಲಕ್ಕೆ. ಬೇಡ ಅನ್ನೋಕೆ ಬಾಯಿ ಬರುತ್ತದಾ? ತಾತನೂ ಅನ್ನಲಿಲ್ಲ. ತುಮಕೂರಿನ ನೆಂಟರ ಮನೆಗೆ ಹೋದಾಗ ನಾಲೆಯ ದಡದಲ್ಲಿ ನಿಂತು, 'ನಮ್ಮ ಗದ್ದೆ ಮೇಲಿಂದ ಬಂದ ನೀರು ಇದು' ಅಂತ ನಗುತ್ತಿದ್ದರಂತೆ. ಸಿಟ್ಟಿಲ್ಲದ ಕಡೆ ಗೋಡೆಯೂ ಏಳಲಿಲ್ಲ, ಊರುಗಳ ಹೆಸರೂ ಯಾರಿಗೂ ಬೇಕಾಗಲಿಲ್ಲ. ನನಗೆ ವೇಲ್ಸ್‌ನವರ ಸಿಟ್ಟು ಬೇಡ. ಅವರ ಜ್ಞಾಪಕ ಬೇಕು.

ನಮ್ಮಲ್ಲಿ ಮಾಡಿದವರು ಇಲ್ಲ ಅಂತಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಬೀಳುವ ಮನೆಗಳನ್ನ ಬಿಚ್ಚಿ ತಂದು ಮತ್ತೆ ಕಟ್ಟಿಸಿದರು, ಥೇಟ್ ಸೇಂಟ್ ಫೇಗನ್ಸ್ ಥರವೇ. ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಜಾನಪದ ಲೋಕ ಕಟ್ಟಿದರು, ಹಾಡು ಹೇಳುವವರ ದನಿಯನ್ನೂ ಸಂಗ್ರಹಿಸಿದರು. ಆದರೆ ನಮ್ಮಲ್ಲಿ ಇಂಥದಕ್ಕೆ ಯಾವಾಗಲೂ ಒಬ್ಬ ಹುಚ್ಚು ಹಿಡಿದ ದೊಡ್ಡ ಮನುಷ್ಯ ಬೇಕಾಗುತ್ತಾನೆ. ಅಂಥವರು ಸಿಗದ ಜಿಲ್ಲೆ ಏನು ಮಾಡಬೇಕು?

ನನಗೆ ಬೇಕಾದದ್ದು ದೊಡ್ಡ ಕಟ್ಟಡ ಅಲ್ಲ. ಗೊರೂರಿನ ಹತ್ತಿರ, ಹಿನ್ನೀರು ಕಾಣುವ ಕಡೆ, ಒಂದು ಹೆಂಚಿನ ಮನೆ ಸಾಕು. ಗೋಡೆ ಮೇಲೆ ಮುಳುಗಿದ ಊರುಗಳ ಹೆಸರು, ಕನ್ನಡದಲ್ಲಿ, ದೊಡ್ಡದಾಗಿ. ಪಕ್ಕದಲ್ಲಿ ಹಳೇ ಸರ್ವೆ ನಕ್ಷೆ. ಗಾಜಿನ ಪೆಟ್ಟಿಗೆ ಬೇಡ, ಕೊಳಗವನ್ನ ಎತ್ತಿ ನೋಡುವ ಹಾಗಿರಲಿ. ಭಾನುವಾರ ಭಾನುವಾರ ಆ ಊರುಗಳ ಒಬ್ಬರು ಅಜ್ಜನೋ ಅಜ್ಜಿಯೋ ಬಂದು ಕೂತರೆ, ಬಸ್ ಚಾರ್ಜು, ಊಟ ಕೊಟ್ಟರೆ, ಅದಕ್ಕಿಂತ ಒಳ್ಳೆ ಮ್ಯೂಸಿಯಂ ನಾನು ವೇಲ್ಸ್‌ನಲ್ಲೂ ನೋಡಿಲ್ಲ. ಡ್ರೋನ್ ಹುಡುಗರೂ ಬರಲಿ, ಚರ್ಚಿಗೆ ಹೋಗುವ ದಾರಿಯಲ್ಲೇ ಇರಲಿ. 1979ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಈಗ ಅರವತ್ತೈದು ದಾಟಿದ್ದಾರೆ. ಕಟ್ಟಡ, ಟೆಂಡರು, ಶಂಕುಸ್ಥಾಪನೆ ಅಂತ ಹೊರಟರೆ ಕೂರಿಸೋಕೆ ಯಾರೂ ಉಳಿದಿರಲ್ಲ. ಹಾಗಾಗಿ ಮಾತನ್ನ ಮೊದಲು ಹಿಡಿದಿಡಿ, ಮನೆ ಆಮೇಲೆ ಹುಡುಕಿದರಾಯಿತು. ಈಗ ಟೇಪ್ ರೆಕಾರ್ಡರ್ ಹೊರುವ ಕಷ್ಟವೂ ಇಲ್ಲ, ಎಲ್ಲರ ಜೇಬಿನಲ್ಲೂ ಇದೆ.

ನಾನಂತೂ ಶುರು ಮಾಡಿದ್ದೇನೆ. ಶನಿವಾರ ಸಂಜೆ ಅಮ್ಮನಿಗೆ ಫೋನ್ ಮಾಡಿದಾಗ ರೆಕಾರ್ಡ್ ಒತ್ತಿ ಇಟ್ಟುಕೊಳ್ಳುತ್ತೇನೆ. ಊರ ಮುಂದಿನ ಅರಳಿಕಟ್ಟೆಯಿಂದ ಶುರು ಮಾಡಿ ಒಂದೊಂದೇ ಮನೆ ಹೇಳು ಅಂದಿದ್ದೇನೆ. ಯಾರ ಮನೆ, ಎಷ್ಟು ದನ, ಬಾಗಿಲು ಯಾವ ಕಡೆ. ಕಳೆದ ವಾರ ಆರು ಮನೆ ಆಯಿತು. ಏಳನೇದಕ್ಕೆ ಬಂದು ನಿಂತಳು. ಹಿತ್ತಲಲ್ಲಿ ನೇರಳೆ ಮರ ಇತ್ತು, ನಾವು ಕದ್ದು ತಿಂತಿದ್ವಿ, ಆ ಮನೆಯವರು ಅಟ್ಟಿಸಿಕೊಂಡು ಬರೋರು, ಅದೆಲ್ಲ ನೆನಪಿದೆ. ಯಜಮಾನರ ಹೆಸರು ಮಾತ್ರ ಬರುತ್ತಿಲ್ಲ.

'ಇರು, ನಾಳೆ ನಿಮ್ಮ ಮಾವ ಬರ್ತಾನೆ, ಕೇಳಿ ಹೇಳ್ತೀನಿ' ಅಂದಳು.